ಬೆಟ್ಟದ ಹಾಡಿನ ಎರಡನೇ ಚರಣ

ಸೆಪ್ಟೆಂಬರ್ 14, ಭಾನುವಾರ

ಹೊಸ ವರ್ಷಕ್ಕೆ ದಿನಸಿ ಅಂಗಡಿಯವರು ಕೊಟ್ಟ ಡೈರಿ ಇಷ್ಟು ದಿನ ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಇವತ್ತು ಧೂಳು ಒರೆಸಿ ತೆಗೆದುಕೊಂಡಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ, ಹೇಳೋಣವೆಂದರೆ ಬಾಯಿ ಬರುವುದಿಲ್ಲ. ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಇದೆ.

ಬರೆದದ್ದಾಯಿತು. ಬರೆದ ಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಗಿದೆ.

ನಿನ್ನೆ ಮೂಡಲಪಾಳ್ಯದಲ್ಲಿ ಗಣೇಶನ ಪ್ರೋಗ್ರಾಂ. ಸ್ಟೇಜಿನ ಹಿಂದೆ ಮಗಳು ಅನು ನನ್ನ ಮುತ್ತಿನ ಸರದ ಕೊಂಡಿ ಹಾಕುತ್ತಾ, "ಅಮ್ಮ, ಹೋದ್ ವರ್ಷ ಇದು ಸಡಿಲ ಇತ್ತಲ್ಲ. ಚೆನ್ನಾಗಿ ದಪ್ಪ ಆಗಿದೀಯ ಬಿಡು" ಎಂದಳು. ಟೆಂಪೋದ ಕನ್ನಡಿಯಲ್ಲಿ ನೋಡಿಕೊಂಡೆ. ದಪ್ಪ ಆಗಿಲ್ಲ. ಎಂಜಲು ನುಂಗಿದರೆ ಬಲಗಡೆ ನಿಂಬೆಹಣ್ಣಿನಷ್ಟು ದಪ್ಪದ್ದೊಂದು ಮೇಲೆ ಹೋಗಿ ಕೆಳಗೆ ಬರುತ್ತದೆ. ಇನ್ನೊಂದು ಸಲ ನುಂಗಿ ನೋಡೋಣವೆನ್ನುವಷ್ಟರಲ್ಲಿ ಭೈರೇಶಣ್ಣ ಮೈಕಿನಲ್ಲಿ ನನ್ನ ಹೆಸರು ಕೂಗಿಬಿಟ್ಟರು.

ಭೈರೇಶಣ್ಣ ನಮ್ಮ ಆರ್ಕೆಸ್ಟ್ರಾದ ಯಜಮಾನರು, ಕೀಬೋರ್ಡು ನುಡಿಸುವವರೂ ಅವರೇ. ಇಪ್ಪತ್ತು ವರ್ಷದಿಂದ ಪ್ರತಿ ಪ್ರೋಗ್ರಾಮನ್ನೂ ಬೆಟ್ಟದ ಹಾಡಿನಿಂದಲೇ ಮುಗಿಸುತ್ತೇವೆ. ನಮ್ಮಲ್ಲಿ ಹಾಡನ್ನು ಅದರ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ, ಸಿನಿಮಾದಲ್ಲಿ ಏನು ನಡೆಯುತ್ತದೋ ಅದೇ ಹೆಸರು. ಬೆಟ್ಟದ ಹಾಡು, ರೈಲಿನ ಹಾಡು, ಸೈಕಲ್ ಹಾಡು. ಬೆಟ್ಟದ ಹಾಡಿನಲ್ಲಿ ನಾಯಕಿ ಬೆಟ್ಟ ಹತ್ತುತ್ತಾ ಹತ್ತುತ್ತಾ ಹಾಡುತ್ತಾಳೆ. ಚರಣದ ಕೊನೆಗೆ ತುದಿಯಲ್ಲಿ ನಿಂತು ಮೇಲಿನ ಪಂಚಮವನ್ನು ಹಿಡಿಯುತ್ತಾಳೆ. ನಾನು ಅದನ್ನು ಹಿಡಿದರೆ ಗೋಬಿ ಗಾಡಿಯ ಮುಂದೆ ನಿಂತವರೂ ತಟ್ಟೆ ಕೆಳಗಿಟ್ಟು ಶಿಳ್ಳೆ ಹೊಡೆಯುತ್ತಾರೆ. ಆ ಒಂದು ಸ್ವರ ಇಲ್ಲದಿದ್ದರೆ ನಾನು ಲಗ್ಗೆರೆಯ ಸಾವಿರ ಹೆಂಗಸರಲ್ಲಿ ಒಬ್ಬಳು, ಅಷ್ಟೇ.

ನಿನ್ನೆಯೂ ಹಿಡಿದೆ. ಶಿಳ್ಳೆಯೂ ಬಿತ್ತು. ವಾಪಸ್ ಬರುವಾಗ ಟೆಂಪೋದಲ್ಲಿ ಸುಧೀಂದ್ರ ಎಂದಿನಂತೆ ಶುರುಮಾಡಿದರು. ಬ್ಯಾಂಕಿನಲ್ಲಿ ಗುಮಾಸ್ತರು, ನಮ್ಮಲ್ಲಿ ಗಂಡು ದನಿ. ಹಿಂದೆ ಇದ್ದ, ಮುಂದೆ ಬರುವ ಎಲ್ಲ ಹಾಡುಗಳಲ್ಲೂ ರೈಲಿನ ಹಾಡೇ ದೊಡ್ಡದಂತೆ. "ರಂಜಿನಿ ಅವರೇ, ಯಾವುದನ್ನ ರಸ್ತೆಯಲ್ಲಿ ಹೋಗೋನೂ ಹಾಡಬಲ್ಲನೋ ಅದೇ ದೊಡ್ಡ ಹಾಡು" ಎಂದರು. "ರಸ್ತೇಲಿ ಹೋಗೋನು ಹಾರನ್ನೂ ಹೊಡೀತಾನೆ. ಯಾರಿಗೂ ಹಾಡಕ್ಕಾಗಬಾರದು, ಅದು ದೊಡ್ಡ ಹಾಡು" ಎಂದೆ. ಹಾಗೆ ವಾದ ಮಾಡುವಷ್ಟು ಹೊತ್ತೂ ನನ್ನ ಕೈ ಕುತ್ತಿಗೆಯ ಮೇಲೇ ಇತ್ತು.

ಸೆಪ್ಟೆಂಬರ್ 17, ಬುಧವಾರ

ಬ್ಲೌಸ್ ಹೊಲಿಯಲು ಕೊಟ್ಟು ಬರುತ್ತೇನೆಂದು ಸುಳ್ಳು ಹೇಳಿ ಬಸವೇಶ್ವರನಗರದ ಕ್ಲಿನಿಕ್ಕಿಗೆ ಒಬ್ಬಳೇ ಹೋದೆ. ಸ್ಕ್ಯಾನಿಂಗ್ ಮಾಡುವ ಹುಡುಗಿ ಕುತ್ತಿಗೆಗೆ ತಣ್ಣಗಿನ ಜೆಲ್ ಹಚ್ಚಿ, ಪರದೆ ನೋಡುತ್ತಾ ಮಾತೇ ನಿಲ್ಲಿಸಿದಳು. ಅಲ್ಲಿಯವರೆಗೆ ಬಸ್ಸಿನ ರಶ್ಶಿನ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದಳು.

"ಏನಾದ್ರೂ ಇದ್ಯಾಮ್ಮ?"

"ಡಾಕ್ಟರ್ ಹೇಳ್ತಾರೆ ಆಂಟಿ."

ಥೈರಾಯ್ಡ್ ಗ್ರಂಥಿಯಲ್ಲಿ ಗೆಡ್ಡೆಯಂತೆ. ಸೂಜಿ ಹಾಕಿ ಪರೀಕ್ಷೆ ಮಾಡಬೇಕಂತೆ. ಬಸ್ಸಿನಲ್ಲಿ ಕೂತು ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆ. ಮನೆಗೆ ಬಂದರೆ ಅತ್ತೆ, "ಬ್ಲೌಸ್ ಯಾವಾಗ ಕೊಡ್ತಾನಂತೆ?" ಎಂದು ಕೇಳಿದರು.

ಸೆಪ್ಟೆಂಬರ್ 21, ಭಾನುವಾರ

ಸೂಜಿ ಹಾಕಿಸಿಕೊಂಡೆ. ಹತ್ತಿ ಅಂಟಿಸಿದ್ದ ಜಾಗಕ್ಕೆ ಸೆರಗು ಎಳೆದುಕೊಂಡು ಓಡಾಡುತ್ತಿದ್ದೇನೆ. ರಿಪೋರ್ಟು ಇನ್ನೂ ಬಂದಿಲ್ಲ.

ಇವತ್ತು ಪ್ರಾಕ್ಟೀಸ್ ನಮ್ಮ ಮನೆಯ ಹಾಲಿನಲ್ಲಿ. ಭೈರೇಶಣ್ಣ ಹೊಸ ಸುದ್ದಿ ತಂದಿದ್ದರು. ವಿಜಯನಗರದ ಒಂದು ಕನ್ನಡ ಸಂಘದವರು ನವೆಂಬರ್ ಇಪ್ಪತ್ಮೂರಕ್ಕೆ ರಾಜ್ಯೋತ್ಸವ ಮಾಡುತ್ತಾರೆ. ಈ ಸಲ ಜನರಿಂದಲೇ ಓಟು ಹಾಕಿಸಿ, ಸಾರ್ವಕಾಲಿಕ ಶ್ರೇಷ್ಠ ಹಾಡು ಯಾವುದೆಂದು ಆರಿಸುತ್ತಾರಂತೆ. ಗೆದ್ದ ಹಾಡನ್ನು ಕೊನೆಯಲ್ಲಿ ನಾವು ಹಾಡಬೇಕು. ಅಷ್ಟು ಹೇಳಿದ್ದೇ ಸಾಕಾಯಿತು, ಕೀಬೋರ್ಡಿನ ಪ್ಲಗ್ ಹಾಕುವುದಕ್ಕೂ ಮುಂಚೆ ಜಗಳ ಶುರು. ಸುಧೀಂದ್ರರದ್ದು ರೈಲು. ನನ್ನದು ಬೆಟ್ಟ. ಅನು ನಾವು ಕೇಳಿಯೇ ಇರದ ಯಾವುದೋ ಹೊಸದನ್ನು ಹೇಳಿದಳು. ಭೈರೇಶಣ್ಣ ಮಾತ್ರ, "ಯಾವ ಹಾಡಿಗೆ ಜನ ಚೇರ್ ಬಿಟ್ಟು ಏಳಲ್ವೋ ಅದು ಗುರು, ಮಿಕ್ಕಿದ್ದೆಲ್ಲ ಕತೆ" ಎಂದರು.

ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ನನ್ನ ಗಂಡ ರವಿಯನ್ನೂ ಸುಧೀಂದ್ರ ಬಿಡಲಿಲ್ಲ. ಇವರಿಗೆ ಲೇತ್ ಮಿಷನ್ನಿನ ಸದ್ದು ಬಿಟ್ಟರೆ ಸಂಗೀತ ಗೊತ್ತಿಲ್ಲ. "ಇವಳು ಅಡುಗೆಮನೇಲಿ ಒಂದು ಗುನುಗ್ತಾಳಲ್ಲ, ಅದು" ಎಂದರು. ಯಾವುದು ಎಂದರೆ ಇವರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನಾನು ಗುನುಗುತ್ತೇನೆಂದೇ ನನಗೆ ಗೊತ್ತಿರಲಿಲ್ಲ.

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ ಆಗ ಬಾಯಿ ಹಾಕಿದರು. ನಮ್ಮತ್ತೆ ರಾಮಕ್ಕ ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ಇದ್ದವರು. "ಬೆಟ್ಟದ್ ಹಾಡೇ ದೊಡ್ಡದು. ಆದ್ರೆ ನೀವು ಹಾಡೋದು ಅರ್ಧ" ಎಂದರು.

"ಅರ್ಧ ಹೆಂಗಾಗುತ್ತೆ ಅಜ್ಜಿ? ರೆಕಾರ್ಡಲ್ಲಿ ಇರೋದು ಅಷ್ಟೇ" ಎಂದರು ಭೈರೇಶಣ್ಣ.

"ನಿನ್ ರೆಕಾರ್ಡ್ ಯಾವನಿಗ್ ಬೇಕು. ನಾನು ಟೆಂಟ್‌ನಲ್ಲಿ ನೋಡಿದೀನಿ, ರವಿ ಹೊಟ್ಟೇಲಿದ್ದಾಗ. ಹುಡುಗಿ ಹಾಡ್ಕೊಂಡು ಹತ್ತುತಾಳೆ, ಹಾಡ್ಕೊಂಡೇ ಇಳೀತಾಳೆ. ನೀವು ಇಪ್ಪತ್ತು ವರ್ಷದಿಂದ ಅವಳನ್ನ ಬೆಟ್ಟದ ಮೇಲೇ ಬಿಟ್ಟು ಮನೆಗ್ ಬಂದ್ಬಿಡ್ತಿದೀರ."

ಎಲ್ಲರೂ ನಕ್ಕರು. ಆ ಸಿನಿಮಾ ಈಗ ಎಲ್ಲೂ ಸಿಗುವುದಿಲ್ಲ, ಫೋನಿನಲ್ಲಿ ಇರುವುದೂ ಆ ರೆಕಾರ್ಡಿನದ್ದೇ ಹಾಡು. ನಾನು ಜಾಸ್ತಿ ನಕ್ಕೆ. ನಕ್ಕರೆ ಸೂಜಿ ಚುಚ್ಚಿದ ಜಾಗ ನೋಯುತ್ತಿತ್ತು.

ಸೆಪ್ಟೆಂಬರ್ 26, ಶುಕ್ರವಾರ

ಆಪರೇಷನ್ ಮಾಡುವ ಡಾಕ್ಟರು ನನಗಿಂತ ಚಿಕ್ಕವರು, ಹೆಂಗಸು. ರಿಪೋರ್ಟು ಎರಡು ಸಲ ಓದಿದರು.

"ಕ್ಯಾನ್ಸರ್ ಅಂತ ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಆ ಭಾಗ ತೆಗೆದು ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ನೀವೇನು ಕೆಲಸ ಮಾಡ್ತೀರ?"

"ಹಾಡ್ತೀನಿ."

ಅವರ ಪೆನ್ನು ನಿಂತಿತು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಧ್ವನಿಯ ನರ ಗ್ರಂಥಿಗೆ ಅಂಟಿಕೊಂಡ ಹಾಗೇ ಹೋಗುತ್ತದಂತೆ. ಮಾತು ಹೋಗುವುದು ತುಂಬಾ ಅಪರೂಪವಂತೆ. ಆದರೆ ಇನ್ನೊಂದು ನರ ಇದೆ, ಕೂದಲಿನ ಹಾಗೆ, ಮೇಲಿನ ಸ್ವರಗಳಿಗೆ. "ಅದನ್ನೂ ಜೋಪಾನ ಮಾಡ್ತೀವಿ. ಆದ್ರೆ ಮೊದಲಿನ ಥರಾನೇ ಇರುತ್ತೆ ಅಂತ ನಾನು ಬರೆದುಕೊಡಕ್ಕಾಗಲ್ಲ" ಎಂದರು.

ಕ್ಯಾನ್ಸರ್ ಎಂಬ ಮಾತು ಕೇಳಿದಾಗ ಸುಮ್ಮನೆ ಕೂತಿದ್ದವಳು ಈ ಮಾತಿಗೆ ಅತ್ತುಬಿಟ್ಟೆ. ನಾಚಿಕೆಗೆಟ್ಟವಳು ನಾನು.

ಸೀದಾ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿಗೆ, ಇವರ ಲೇತ್ ಅಂಗಡಿಗೆ ಹೋದೆ. ಮಿಷನ್ ಓಡುತ್ತಿತ್ತು. ನಾನು ಏನು ಹೇಳಿದರೂ ಇವರು ಕಿವಿಗೆ ಕೈ ಇಟ್ಟು "ಏನು, ಏನು" ಎನ್ನುತ್ತಿದ್ದರು. ಕೊನೆಗೆ ಕಿರುಚಿಯೇ ಹೇಳಿದೆ. ಅಷ್ಟರಲ್ಲಿ ಇವರು ಸ್ವಿಚ್ ಆಫ್ ಮಾಡಿದ್ದರು. "ಕುತ್ತಿಗೆ ಕೊಯ್ಯಬೇಕಂತೆ" ಎಂಬುದು ಇಡೀ ಶೆಡ್ಡಿಗೆ ಕೇಳಿತು. ಇವರು ಗ್ರೀಸ್ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡರು. ಆ ಸೀರೆಯ ಕಲೆ ಇನ್ನು ಹೋಗುವುದಿಲ್ಲ.

ಅಕ್ಟೋಬರ್ 2, ಗುರುವಾರ

ನಿನ್ನೆ ಆಯುಧಪೂಜೆ. ಮಿಷನ್ನಿಗೆ, ಸ್ಕೂಟರಿಗೆ, ಅನುವಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಆಯಿತು. ಪ್ರತಿ ವರ್ಷ ನನ್ನ ಮೈಕಿಗೂ ಇಡುತ್ತೇನೆ. ಇಟ್ಟ ಮೇಲೆ ಯಾಕೋ ಅನ್ನಿಸಿತು, ಆಯುಧ ಅದಲ್ಲ. ಉಳಿದ ಕುಂಕುಮವನ್ನು ಕುತ್ತಿಗೆಗೆ ಹಚ್ಚಿಕೊಂಡೆ, ಗಂಟಿನ ಮೇಲೆ. ಅತ್ತೆ ನೋಡಿದರು. ಬಯ್ಯುತ್ತಾರೆಂದುಕೊಂಡೆ, ಬಯ್ಯಲಿಲ್ಲ. ಒಂದು ಮೊಳ ಸೇವಂತಿಗೆ ತಂದು ಮುಡಿಸಿ ಹೋದರು.

ಆಪರೇಷನ್ ಹದಿನೈದಕ್ಕೆ. ಊಟ ಸೇರುತ್ತಿಲ್ಲ.

ಅಕ್ಟೋಬರ್ 8, ಬುಧವಾರ

ಇವತ್ತು ಆದದ್ದನ್ನು ಬರೆದಿಡಬೇಕು.

ಪ್ರಾಕ್ಟೀಸಿನಲ್ಲಿ ಬೆಟ್ಟದ ಹಾಡು ಹಾಡಿದೆ. ಪಂಚಮ ಸಲೀಸಾಗಿ ಬಂತು. ನೋಡಿ, ಏನೂ ಆಗಿಲ್ಲ ನನಗೆ, ಈ ಆಪರೇಷನ್ನೇ ಬೇಡ ಎಂದು ಹೇಳಲು ಕೀಬೋರ್ಡಿನ ಹತ್ತಿರ ಹೋದೆ. ಪುಟ್ಟ ಪರದೆಯಲ್ಲಿ ಮೈನಸ್ ಎರಡು ಎಂದು ಇತ್ತು. ಶ್ರುತಿ ಇಳಿಸುವ ಗುಂಡಿ ಅದು.

"ಭೈರೇಶಣ್ಣ, ಇದೇನು?"

ಅವರು ಪರದೆಗೆ ಕೈ ಅಡ್ಡ ಇಟ್ಟರು. ಮಕ್ಕಳು ಹಾಗೆ ಮಾಡುತ್ತಾರೆ.

"ಯಾವಾಗಿಂದ?"

"ಯುಗಾದಿ ಟೈಮಲ್ಲಿ ಒಂದು ಮನೆ ಇಳಿಸ್ದೆ. ಆಷಾಢ ಆದ್ಮೇಲೆ ಇನ್ನೊಂದು. ನೀನು ತುದೀಲಿ ಒದ್ದಾಡ್ತಿದ್ದೆ ಕಣಮ್ಮ. ಸುಸ್ತು ಅನ್ಕೊಂಡೆ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಅಂದರೆ ಮೂಡಲಪಾಳ್ಯದಲ್ಲಿ ಬಿದ್ದ ಶಿಳ್ಳೆ ನನ್ನ ಪಂಚಮಕ್ಕಲ್ಲ. ನಾನು ಆ ಎತ್ತರಕ್ಕೆ ಹೋಗಿಯೇ ಇರಲಿಲ್ಲ. ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಇಪ್ಪತ್ತು ವರ್ಷ ಅಣ್ಣ ಎಂದು ಕರೆದವರಿಗೆ ಹಾಗೆ ಅನ್ನಬಾರದಿತ್ತು. ಸುಧೀಂದ್ರ ಕೂಡ ರೈಲಿನ ಮಾತೆತ್ತಲಿಲ್ಲ, ನೀರು ತಂದುಕೊಟ್ಟರು. ಅದಕ್ಕೇ ಹೆಚ್ಚು ಭಯವಾಯಿತು. ಸುಧೀಂದ್ರ ನನ್ನ ಮೇಲೆ ವಾದಕ್ಕೆ ಬರಲಿಲ್ಲವೆಂದರೆ ನನ್ನ ಕತೆ ಮುಗಿಯಿತೆಂದೇ.

ಅಕ್ಟೋಬರ್ 13, ಸೋಮವಾರ

ಅನು ಫೋನ್ ಹಿಡಿದು ಬಂದಳು. "ಅಮ್ಮ, ಬೆಟ್ಟದ ಹಾಡು ಒಂದ್ಸಲ ಹಾಡು, ರೆಕಾರ್ಡ್ ಮಾಡ್ಕೋತೀನಿ."

"ಯಾಕೆ?"

"ಸುಮ್ನೆ."

ಸುಮ್ಮನೆ ಅಲ್ಲ. ನನಗೆ ಗೊತ್ತು, ಅವಳಿಗೂ ಗೊತ್ತು. "ಹೋದವರ ಫೋಟೋ ದೊಡ್ಡದು ಮಾಡಿಸ್ತಾರಲ್ಲ, ಹಂಗೆ ಮಾಡ್ತಿದೀಯೇನೇ?" ಎಂದೆ. ಅವಳ ಮುಖ ಸಣ್ಣಗಾಯಿತು. ಹತ್ತೊಂಬತ್ತು ವರ್ಷದ ಹುಡುಗಿ, ಅವಳಿಗೂ ಹೆದರಿಕೆ ಇರುವುದಿಲ್ಲವೇ. ಕರೆದು ತಲೆ ಬಾಚಿದೆ. ಹಾಡಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಆಸ್ಪತ್ರೆ. ಪಕ್ಕದ ಹಾಸಿಗೆಯವರು ಚೆನ್ನಾಗಿ ಗೊರಕೆ ಹೊಡೆಯುತ್ತಾ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾರೆ. ಹೊಟ್ಟೆಕಿಚ್ಚಾಗುತ್ತಿದೆ. ನಾಳೆ ಬೆಳಿಗ್ಗೆ.

ಅಕ್ಟೋಬರ್ 17, ಶುಕ್ರವಾರ

ಇದ್ದೇನೆ.

ಕುತ್ತಿಗೆಗೆ ಪಟ್ಟಿ. ನುಂಗಿದರೆ ಮುಳ್ಳು. ಎಚ್ಚರ ಬಂದಾಗ ಡಾಕ್ಟರು ಬಗ್ಗಿ, "'ಈ' ಅಂತ ಅನ್ನಿ, ರಂಜಿನಿ" ಎಂದರು. ಅಮಲಿನಲ್ಲಿ ಏನೋ ಅಂದೆನಂತೆ. ನನಗೆ ನೆನಪಿಲ್ಲ. ಆಮೇಲೆ ಬಂದು ಮತ್ತೆ ಕೇಳಿದರು. ಆಗಲ್ಲವೆಂದು ತಲೆಯಾಡಿಸಿದೆ. ಈಗ ಸಾಕು, ರೆಸ್ಟ್ ಮಾಡಿ ಎಂದು ಹೋದರು.

ಬಾಯಿ ತೆರೆದರೆ ಏನು ಬರುತ್ತದೋ. ತೆರೆಯದಿದ್ದರೆ ಒಳಗೆ ಇನ್ನೂ ಎಲ್ಲ ಇದೆ ಎಂದುಕೊಳ್ಳಬಹುದು.

ಅಕ್ಟೋಬರ್ 22, ಬುಧವಾರ

ದೀಪಾವಳಿ ಮುಗಿಯಿತು. ಮನೆಯಲ್ಲಿ ಪಟಾಕಿ ಹೊಡೆಯಲಿಲ್ಲ.

ನಾನು ಮಾತಾಡುತ್ತಿಲ್ಲ. ಬೇಕಾದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ. ತಮಾಷೆಯೆಂದರೆ ಎಲ್ಲರೂ ನನಗೆ ಕಿವಿಯೂ ಹೋಗಿದೆ ಎಂದುಕೊಂಡಿದ್ದಾರೆ. ಪಕ್ಕದ ಮನೆಯ ಪಾಪಮ್ಮ ಬಂದು, "ಗಂಜಿ ಕುಡೀತಾ ಇದೀರಾ" ಎಂದು ಕೂಗಿ ಕೇಳಿದರು. ಇವರಂತೂ ಕೂಗುವುದೂ ಇಲ್ಲ, ಎದುರಿಗೆ ಕೂತು ನನ್ನ ಫೋನಿಗೆ ಮೆಸೇಜ್ ಕಳಿಸುತ್ತಾರೆ. "ಉಪ್ಪು ಸರಿ ಇದೆಯಾ?" ಅಡುಗೆ ಇವರದ್ದೇ. ಉಪ್ಪು ಇರಲೇ ಇಲ್ಲ.

ಮಧ್ಯಾಹ್ನ ಇವರಿಂದ ಇನ್ನೊಂದು ಮೆಸೇಜ್ ಬಂತು. "ಅಡುಗೆಮನೇಲಿ ಸದ್ದೇ ಇಲ್ಲ ಕಣೆ. ಒಳಗೆ ಹೋಗಕ್ಕೆ ಆಗ್ತಿಲ್ಲ." ಓದಿ ದಿಂಬಿಗೆ ಮುಖ ಕೊಟ್ಟು ಅತ್ತುಬಿಟ್ಟೆ. ಅಳುವಾಗಲೂ ಸದ್ದು ಬರದ ಹಾಗೆ ನೋಡಿಕೊಂಡೆ.

ಅಕ್ಟೋಬರ್ 28, ಮಂಗಳವಾರ

ಕ್ಯಾನ್ಸರ್ ಅಲ್ಲ.

ಇವರು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸ್ಕೂಟರಿಗೆ ಒರಗಿ ಅತ್ತರು. ಅತ್ತೆ ಗಣೇಶನ ಗುಡಿಗೆ ತೆಂಗಿನಕಾಯಿ ಹೊತ್ತುಕೊಂಡು ಹೋದರು. ನನಗೂ ಸಂತೋಷವಾಗಬೇಕಿತ್ತು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಡಾಕ್ಟರು ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡಿ ಹೇಳಿದ್ದು ಅದನ್ನೂ ನುಂಗಿಹಾಕಿತು. "ಧ್ವನಿ ತಂತು ಎರಡೂ ಕಡೆ ಆಡ್ತಾ ಇದೆ. ಮಾತಾಡಬಹುದು. ಹಾಡೋದು ಎಷ್ಟರ ಮಟ್ಟಿಗೆ ಅಂತ ನೀವು ಬಾಯಿ ಬಿಟ್ರೆ ಮಾತ್ರ ಗೊತ್ತಾಗೋದು. ಯಾಕೆ ಬಿಡ್ತಿಲ್ಲ?"

ನಾನು ಟೈಪ್ ಮಾಡಿದೆ: ಭಯ.

"ಮೌನವಾಗಿರೋದರಿಂದ ಏನೂ ಉಪಯೋಗ ಇಲ್ಲ ರಂಜಿನಿ. ಅಭ್ಯಾಸ ತಪ್ಪುತ್ತೆ ಅಷ್ಟೇ."

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪ್ರಯತ್ನ ಮಾಡಿದೆ. ಬಾಯಿ ತೆರೆದೆ. ಬಕೆಟ್ ತುಂಬಿ ನೀರು ಚೆಲ್ಲಿತು. ಮತ್ತೆ ಮುಚ್ಚಿದೆ.

ನವೆಂಬರ್ 1, ಶನಿವಾರ

ರಸ್ತೆ ಮೂಲೆಯಲ್ಲಿ ಬಾವುಟ ಹಾರಿಸಿದರು. ನಾಡಗೀತೆಗೆ ಎಲ್ಲರೂ ದನಿಗೂಡಿಸಿದರು, ಆಟೋದವರು, ಹಾಲಿನವರು, ಹಲ್ಲಿಲ್ಲದ ದುಂಡಪ್ಪನವರು. ಪ್ರತಿ ವರ್ಷ ಮುಂದೆ ನಿಂತು ಹೇಳಿಕೊಡುವವಳು ನಾನು. ಈ ಸಲ ಹಿಂದೆ ನಿಂತು ತುಟಿ ಆಡಿಸಿದೆ. ದುಂಡಪ್ಪನವರು ಹಾಡಿನಲ್ಲಿ ಒಂದು ಸಾಲು ಹಿಂದೆಯೇ ಇದ್ದರು. ಅವರಿಗೆ ಅದರ ಚಿಂತೆಯೇ ಇರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅಸೂಯೆ.

ನವೆಂಬರ್ 9, ಭಾನುವಾರ

ಬೆಟ್ಟದ ಹಾಡು ಗೆದ್ದಿದೆಯಂತೆ. ರೈಲು ಎರಡನೆಯದು. ನನ್ನ ಬದಲು ಅನು ಹಾಡುತ್ತಾಳೆ. ಭೈರೇಶಣ್ಣ ಬಾಗಿಲಲ್ಲೇ ನಿಂತು ಹೇಳಿ ಹೊರಟುಹೋದರು. ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದು ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಸ್ಕೂಟರ್ ಹೋಗಿತ್ತು.

ನವೆಂಬರ್ 16, ಭಾನುವಾರ

ಈ ಸುಧೀಂದ್ರರಿಗೆ ಸಂಗೀತ ಹೇಳಿಕೊಟ್ಟವರು ಯಾರೋ, ಅವರನ್ನು ಹುಡುಕಿ ಕೇಳಬೇಕು.

ಮಧ್ಯಾಹ್ನ ಪ್ರಾಕ್ಟೀಸಿಗೆ ಬಂದಿದ್ದರು. ಅನು ಹಾಡಿದಳು. ಪಲ್ಲವಿ ಚೆನ್ನಾಗಿ ಹೇಳುತ್ತಾಳೆ. ಚರಣದಲ್ಲಿ ಬೆಟ್ಟ ಹತ್ತುತ್ತಾಳೆ, ತುದಿಗೆ ಬರುವ ಹೊತ್ತಿಗೆ ಉಸಿರಿಲ್ಲ. ಮೂರ್ನಾಲ್ಕು ಸಲ ಆಯಿತು. ಸುಧೀಂದ್ರ ಗಂಟಲು ಸರಿಮಾಡಿಕೊಂಡು, "ನೋಡಿ, ಎಲ್ಲರಿಗೂ ಹಾಡೋಕಾಗದ್ದನ್ನ ಶ್ರೇಷ್ಠ ಅನ್ನೋದೇ ತಪ್ಪು. ರೈಲಿನದ್ದೇ ಹಾಡಿಬಿಡೋಣ, ಜನಕ್ಕೂ ಖುಷಿ" ಎಂದರು. ಗೆದ್ದಿರುವುದು ಬೆಟ್ಟ, ಹಾಡುವುದು ರೈಲೇ? ನಾನು ಫೋನಿನಲ್ಲಿ ಟೈಪ್ ಮಾಡಿ ಮುಂದೆ ಹಿಡಿದೆ. ಯಾರೂ ನೋಡಲಿಲ್ಲ.

ಆಗ ಅತ್ತೆ, "ತುದೀಗೆ ಹೋಗಕ್ಕಾಗದಿದ್ರೆ ಮಗು ಸ್ವಲ್ಪ ಕೆಳಗಡೆ ನಿಂತ್ಕೊಂಡು, ಅಲ್ಲಿಂದ ಇಳೀಲಿ. ಇಳಿಯೋದೇ ಚೆನ್ನಾಗಿರೋದು" ಎಂದರು. ಭೈರೇಶಣ್ಣ, "ಆ ಇಳಿಯೋದು ಹೆಂಗಿದೆ ಅಂತ ಒಂದ್ಸಲ ಹೇಳೇಬಿಡಜ್ಜಿ" ಎಂದು ಕೀಬೋರ್ಡಿನ ಮೇಲೆ ಕೈ ಇಟ್ಟರು. ಅತ್ತೆ ಸೆರಗು ಹೊದ್ದುಕೊಂಡು, ಟೆಂಟಿನ ಪರದೆ ಎದುರಿಗೇ ಇರುವ ಹಾಗೆ ಗೋಡೆ ನೋಡುತ್ತಾ ಹೇಳಿದರು.

ಇಳಿದು ಬರುವೆನು ತಾಳು ಸಂಜೆಯೇ
ಕೆಳಗೆ ಮನೆಯಿದೆ, ಒಲೆಯಿದೆ

ಮಾತು ಚೆನ್ನಾಗಿದೆ. ರಾಗ ಅತ್ತೆಯದ್ದು. ಎಪ್ಪತ್ತನಾಲ್ಕರ ಗಂಟಲು, ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ. ಅದನ್ನು ಯಾರಾದರೂ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಸುಧೀಂದ್ರ ಅದನ್ನೇ ಹಿಡಿದುಕೊಂಡು, 'ಒಲೆಯಿದೆ' ಎನ್ನುವಲ್ಲಿ ಮಧ್ಯಮ ಹಾಕಿ ಭೈರೇಶಣ್ಣನಿಗೆ ಬರೆಸಲು ಶುರುಮಾಡಿದರು. ಆ ಹಾಡು ಪಲ್ಲವಿಯಿಂದ ತುದಿಯವರೆಗೆ ಮೋಹನ ರಾಗ. ಮೋಹನದಲ್ಲಿ ಮಧ್ಯಮ ಇಲ್ಲವೇ ಇಲ್ಲ. ಚಪ್ಪಾಳೆ ತಟ್ಟಿದೆ. "ಸಿನಿಮಾ ಹಾಡು, ಎಲ್ಲ ಬರುತ್ತೆ" ಎಂದು ಸುಧೀಂದ್ರ ನನ್ನ ಕಡೆ ತಿರುಗದೆಯೇ ಹೇಳಿದರು. ಅನುವೂ ಆ ಮಧ್ಯಮವನ್ನೇ ಹಾಡಿದಳು. ನನ್ನ ಮಗಳು.

"ಎಲ್ಲಿಂದ ಬಂತ್ರೀ ಅಲ್ಲಿ ಮಧ್ಯಮ? ಅತ್ತೆಗೆ ವಯಸ್ಸಾಗಿದೆ, ನಿಮಗೇನಾಗಿದೆ? ಪಂಚಮದಿಂದ ಸೀದಾ ಗಾಂಧಾರಕ್ಕೆ ಇಳೀಬೇಕು, ಅಲ್ಲಿ ಒಂಚೂರು ನಿಂತು ಷಡ್ಜಕ್ಕೆ ಬರಬೇಕು. ಅವಳು ಬೆಟ್ಟ ಇಳೀತಾ ಇದಾಳೆ, ಎಡವಿ ಬೀಳ್ತಾ ಇಲ್ಲ" ಎಂದೆ. ಎರಡೂ ಸಾಲು ಹಾಡಿ ತೋರಿಸಿದೆ. ಮೊದಲನೇ ಸಾಲಿನಲ್ಲೂ 'ತಾಳು' ಹತ್ತಿರ ಅತ್ತೆ ಅವಸರ ಮಾಡಿದ್ದರು, ಅದನ್ನೂ ತಿದ್ದಿ ಇನ್ನೊಂದು ಸಲ ಹಾಡಿದೆ.

"ಹಾಂ. ಹಂಗೇ ಇತ್ತು ಕಣವ್ವ. ಹಂಗೇ" ಎಂದರು ಅತ್ತೆ.

"ಕೇಳಿದ್ರಾ?" ಎಂದು ಸುಧೀಂದ್ರರನ್ನು ಕೇಳಿದೆ. ಅವರು ಬಾಯಿಗೆ ಕರ್ಚೀಫು ಇಟ್ಟುಕೊಂಡಿದ್ದರು. ಭೈರೇಶಣ್ಣನ ಕೈ ಕೀಬೋರ್ಡಿನ ಮನೆಗಳ ಮೇಲೇ ಇತ್ತು, ನುಡಿಸುತ್ತಿರಲಿಲ್ಲ. ಅನು ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಎಂಥ ಹೊತ್ತಿನಲ್ಲಿ ತಬ್ಬಿಕೊಳ್ಳುವುದು, ಇನ್ನೂ ಸುಧೀಂದ್ರರಿಗೆ ಹೇಳುವುದು ಬಾಕಿ ಇತ್ತು. ಇವರು ಹಾಲಿನ ಪ್ಯಾಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇದೇ ಕಣೆ" ಎಂದರು. "ನೀನು ಅಡುಗೆಮನೇಲಿ ಗುನುಗೋದು. ಇದೇ."

ಇದಾಗಿರಲಿಕ್ಕಿಲ್ಲ. ಇವರಿಗೆ ಎಲ್ಲ ಹಾಡೂ ಒಂದೇ. ಆದರೆ ಅತ್ತೆ ಪಾತ್ರೆ ತೊಳೆಯುವಾಗ ಏನೋ ಹೇಳಿಕೊಳ್ಳುತ್ತಿದ್ದರು, ನಾನು ಈ ಮನೆಗೆ ಬಂದ ಹೊಸತರಲ್ಲಿ. ಅದು ಯಾವುದೆಂದು ಕೇಳಬೇಕು.

ದನಿ ನನ್ನದಲ್ಲ ಎನ್ನುವ ಹಾಗಿತ್ತು. ದಪ್ಪಗೆ, ನೆಗಡಿಯಾದವರ ಹಾಗೆ, ಅಲ್ಲಲ್ಲಿ ಗಾಳಿ. ಮೇಲಿನ ಪಂಚಮ ಇದೆಯೋ ಇಲ್ಲವೋ ನೋಡಿಲ್ಲ. ಅದರ ಹೆದರಿಕೆ ಹೋಗಿಲ್ಲ, ಇದನ್ನು ಬರೆಯುವಾಗಲೂ ಇದೆ. ಭೈರೇಶಣ್ಣ ಹೋಗುವಾಗ, "ಅನು ಹತ್ತಲಿ, ನೀನು ಇಳಿಸು" ಎಂದರು. "ನೋಡಣ, ಆದ್ರೆ ಮೈನಸ್ ಎರಡರಲ್ಲೇ ಇರಲಿ. ಅವತ್ತು ಬೈದಿದ್ದು ತಪ್ಪಾಯ್ತು ಅಣ್ಣ" ಎಂದೆ. ಸುಧೀಂದ್ರ ಚಪ್ಪಲಿ ಹಾಕಿಕೊಳ್ಳುತ್ತಾ, ಹಾಗಾದರೆ ಇದು ಯಾರು ಬೇಕಾದರೂ ಹಾಡಬಲ್ಲ ಹಾಡಾಯಿತು, ಅಂದರೆ ವಾದದಲ್ಲಿ ಗೆದ್ದದ್ದು ತಾವೇ ಎಂದರು. ಗೇಟಿನವರೆಗೂ ಹೋಗಿ ಅವರಿಗೆ ಉತ್ತರ ಕೊಟ್ಟು ಬಂದೆ.

ನಾಳೆ ಬೆಳಿಗ್ಗೆ ಅತ್ತೆಗೆ ಕಾಫಿ ಕೊಟ್ಟು ಎದುರಿಗೆ ಕೂರಿಸಿಕೊಳ್ಳಬೇಕು. ಒಂದೊಂದೇ ಸಾಲು ನಾನು ಹೇಳುತ್ತೇನೆ, ಅವರು ಹೇಳಲಿ. ಅವರ ಬಾಯಿಂದ ಆ ಮಧ್ಯಮ ಹೋಗುವ ತನಕ ಏಳಲು ಬಿಡುವುದಿಲ್ಲ.